ಬಿಸಿ ನಕ್ಷತ್ರಗಳ ಮಾದರಿಗಳನ್ನು ಅತಿನೇರಳೆಯಲ್ಲಿ ಒರೆಗೆ ಹಚ್ಚುವುದು ಹೇಗೆ?

ಪ್ರಶ್ನೆ: ನಾನು ಎಂ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಒಂದು ನಕ್ಷತ್ರಗುಚ್ಛದಲ್ಲಿರುವ ಬಿಸಿ ನಕ್ಷತ್ರವನ್ನು ಆರಿಸಿಕೊಂಡೆ. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಯುವಿಟ್ ಎಂಬ ಅತಿನೇರಳೆ ದೂರದರ್ಶಕದ ದತ್ತಾಂಶಕ್ಕೆ ಕಣ್ಣಿಗೆ ಕಾಣುವ ಬೆಳಕಿನ ಅಳತೆಗಳನ್ನೂ ಸೇರಿಸಿ ನಕ್ಷತ್ರದ ಬೆಳಕನ್ನು ಲೆಕ್ಕ ಹಾಕಿ ಕೊಡುವ ಕುರುಚ್ ಮಾದರಿಗಳೊಡನೆ ಹೊಂದಿಸಿ ನೋಡಿದೆ. 22,000 ಕೆಲ್ವಿನ್ ಬಂತು, ಅಳತೆಗೂ ಮಾದರಿಗೂ ಎಷ್ಟು ಅಂತರ ಎಂದು ಹೇಳುವ ಕೈ-ಸ್ಕ್ವೇರ್ ಕೂಡ ಚೆನ್ನಾಗಿದೆ. ವೈವಾದಲ್ಲಿ ಮಾತ್ರ "ಮಾದರಿಯೇ ಸರಿ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದರು, ಉತ್ತರ ಹೊಳೆಯಲಿಲ್ಲ. ಯುವಿಟ್‌ನ ಕ್ಯಾಲಿಬ್ರೇಶನ್ (ಅಳತೆಯನ್ನು ಮಾನದಂಡಕ್ಕೆ ಸರಿಹೊಂದಿಸುವುದು) ಕೂಡ ಕೊನೆಗೆ ನಕ್ಷತ್ರ ಮಾದರಿಯನ್ನೇ ನೆಚ್ಚಿಕೊಂಡಿದೆ ಎಂದು ಆಮೇಲೆ ಓದಿದೆ. ಹಾಗಾದರೆ ಇದೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬಂದಂತಾಗಲಿಲ್ಲವೇ?

ಉತ್ತರ: ವೈವಾದಲ್ಲಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ನಿಮ್ಮ ಅನುಮಾನವೂ ಅರ್ಧ ಸರಿ. ಕೈ-ಸ್ಕ್ವೇರ್ ಚೆನ್ನಾಗಿ ಬಂತೆಂದರೆ ಮಾದರಿ ಪರೀಕ್ಷೆಯಲ್ಲಿ ಪಾಸಾಯಿತು ಎಂದಲ್ಲ. ನಿಮ್ಮ ಕೈಯಲ್ಲಿದ್ದದ್ದು ಐದಾರು ಫಿಲ್ಟರ್‌ಗಳ ಅಳತೆ. ತಾಪಮಾನ, ದಾರಿಯಲ್ಲಿರುವ ಧೂಳು, ನಕ್ಷತ್ರದ ಗಾತ್ರಕ್ಕೂ ದೂರಕ್ಕೂ ಇರುವ ಅನುಪಾತ, ಈ ಮೂರನ್ನೂ ಬೇಕಾದ ಹಾಗೆ ತಿರುಗಿಸುವ ಸ್ವಾತಂತ್ರ್ಯವೂ ನಿಮಗಿತ್ತು. ಅಷ್ಟು ಸಲಿಗೆ ಕೊಟ್ಟರೆ ಸಾಕಷ್ಟು ತಪ್ಪಿರುವ ಮಾದರಿಯೂ ಹೊಂದಿಕೊಂಡುಬಿಡುತ್ತದೆ. ಪರೀಕ್ಷೆ ಎನ್ನಬೇಕಾದರೆ ಮಾದರಿಯ ಹಂಗಿಲ್ಲದೆ ಸಿಕ್ಕ ಒಂದು ಅಳತೆ ಬೇಕು, ಅದರೆದುರು ಮಾದರಿ ಸೋಲುವುದಕ್ಕೂ ದಾರಿ ಇರಬೇಕು. ಬಿಸಿ ನಕ್ಷತ್ರಗಳ ವಿಷಯದಲ್ಲಿ ಅಂಥ ಅಳತೆಗಳಿವೆ. ಮಾದರಿಗಳು ಸೋತದ್ದೂ ಇದೆ, ಸೋತು ಸುಧಾರಿಸಿಕೊಂಡದ್ದೂ ಇದೆ.

ಮೊದಲು, ಅತಿನೇರಳೆಯೇ ಯಾಕೆ ಬೇಕು ಎಂಬುದು. 20,000 ಕೆಲ್ವಿನ್‌ನ ಕಪ್ಪುಕಾಯ (ಬರೀ ತನ್ನ ತಾಪಮಾನಕ್ಕೆ ತಕ್ಕಂತೆ ಬೆಳಗುವ ಆದರ್ಶ ವಸ್ತು) 1450 ಆಂಗ್‌ಸ್ಟ್ರಾಮ್ ತರಂಗಾಂತರದ ಸುಮಾರಿನಲ್ಲಿ ಅತಿ ಹೆಚ್ಚು ಬೆಳಗುತ್ತದೆ, 30,000ದ್ದು 970ರ ಹತ್ತಿರ. ನಮ್ಮ ಕಣ್ಣಿಗೆ ಬೀಳುವ 4000ದಿಂದ 7000 ಆಂಗ್‌ಸ್ಟ್ರಾಮ್ ಆ ಶಿಖರದಿಂದ ಬಲು ದೂರದ ಬಾಲ. ತಾಪಮಾನ 30,000ದಿಂದ 40,000ಕ್ಕೆ ಏರಿದರೂ ನೀಲಿ (ಬಿ) ಮತ್ತು ಹಸಿರು-ಹಳದಿ (ವಿ) ಫಿಲ್ಟರ್‌ಗಳ ಅಳತೆಗಳ ವ್ಯತ್ಯಾಸವಾದ ಬಿ-ವಿ ಬಣ್ಣದ ಸೂಚ್ಯಂಕ 0.02-0.03ರಷ್ಟು ಮಾತ್ರ ಬದಲಾಗುತ್ತದೆ; ಎಚ್ಚರವಾಗಿ ಅಳೆಯದಿದ್ದರೆ ಅಳತೆಯ ದೋಷವೇ ಅಷ್ಟಿರುತ್ತದೆ. ಆದರೆ 3000 ಆಂಗ್‌ಸ್ಟ್ರಾಮ್‌ಗಿಂತ ಕೆಳಗಿನ ಬೆಳಕನ್ನು ಓಝೋನ್ ನೆಲಕ್ಕೆ ಬಿಡುವುದಿಲ್ಲ. ಅಯಾನೀಕರಣದ ಸಮೀಕರಣ ಕೊಟ್ಟ ಮೇಘನಾದ ಸಹಾ 1937ರಲ್ಲೇ ಓಝೋನ್ ಪದರದ ಮೇಲಿಂದ ಸೂರ್ಯನ ರೋಹಿತ ತೆಗೆಯುವ ವೀಕ್ಷಣಾಲಯದ ಮಾತೆತ್ತಿದ್ದರು. ಆಗಿನ್ನೂ ಅಲ್ಲಿಗೆ ಹೋಗುವ ವಾಹನವೇ ಇರಲಿಲ್ಲ.

ಮಾದರಿ ಎಂದರೇನು ಎಂಬುದನ್ನು ನೀವು ಓದಿಯೇ ಇರುತ್ತೀರಿ, ಚುಟುಕಾಗಿ ಹೇಳುತ್ತೇನೆ. ತಾಪಮಾನ, ಮೇಲ್ಮೈ ಗುರುತ್ವ, ರಾಸಾಯನಿಕ ಸಂಯೋಜನೆ ಕೊಟ್ಟರೆ, ವಾತಾವರಣದ ಒಂದೊಂದು ಪದರದಲ್ಲೂ ಒತ್ತಡ ಎಷ್ಟು, ಯಾವ ಪರಮಾಣು ಯಾವ ಸ್ಥಿತಿಯಲ್ಲಿದೆ, ಬೆಳಕು ಎಷ್ಟು ದಾಟುತ್ತದೆ ಎಂದು ಲೆಕ್ಕ ಹಾಕಿ, ಹೊರಬರುವ ರೋಹಿತವನ್ನು ಕಂಪ್ಯೂಟರ್ ಕೊಡುತ್ತದೆ. ರಾಬರ್ಟ್ ಕುರುಚ್ 1979ರಲ್ಲಿ ಪ್ರಕಟಿಸಿದ ಮಾದರಿಗಳ ದೊಡ್ಡ ಬಲ, ಅವುಗಳಲ್ಲಿ ಸೇರಿಸಿದ್ದ ಅಪಾರ ಸಂಖ್ಯೆಯ ಹೀರಿಕೆ ರೇಖೆಗಳು. ಅವುಗಳ ಊಹೆಗಳು ಮೂರು: ವಾತಾವರಣ ಚಪ್ಪಟೆ, ಅದು ನಿಶ್ಚಲ, ಪರಮಾಣುಗಳು ಆಯಾ ಪದರದ ತಾಪಮಾನಕ್ಕೆ ತಕ್ಕಂತೆಯೇ ಹಂಚಿಕೊಂಡಿವೆ. ಮೂರನೆಯದನ್ನೇ ಎಲ್‌ಟಿಇ ಎನ್ನುವುದು. ಬಿಸಿ ಹೆಚ್ಚಿದಷ್ಟೂ ಮೂರೂ ಸಡಿಲವಾಗುತ್ತವೆ.

ಈಗ ನಿಮ್ಮನ್ನು ಕಾಡಿದ "ಸುತ್ತಿ ಸುತ್ತಿ" ವಿಷಯ. ಹೊಸಕೋಟೆಯ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ ಜೋಡಿಸಿದ ಯುವಿಟ್ 2015ರ ಸೆಪ್ಟೆಂಬರ್ 28ರಂದು ಹಾರಿತು. ಅದರ ಕ್ಯಾಲಿಬ್ರೇಶನ್‌ಗೆ ಬಳಸಿದ ಮುಖ್ಯ ನಕ್ಷತ್ರ ಎಚ್‌ಝಡ್ 4 ಎಂಬ ಶ್ವೇತಕುಬ್ಜ (ಇಂಧನ ಮುಗಿದು ಕುಗ್ಗಿದ ನಕ್ಷತ್ರ). ಅದರ ಪ್ರಮಾಣಿತ ರೋಹಿತ ಬಂದದ್ದು ಹಬಲ್ ದೂರದರ್ಶಕದ ಮಾನದಂಡಗಳಿಂದ. ಹಬಲ್‌ನ ಮಾನದಂಡವಾದರೂ ಏನು? ಜಿ191-ಬಿ2ಬಿ, ಜಿಡಿ 153, ಜಿಡಿ 71 ಎಂಬ ಮೂರು ಬಿಸಿ ಶ್ವೇತಕುಬ್ಜಗಳ ಮಾದರಿ ರೋಹಿತಗಳು. ಹೌದು, ಮಾದರಿಗಳೇ.

ಆದರೆ ಆ ಮಾದರಿಯೊಳಗೆ ಏನು ಹೋಗಿದೆ ನೋಡಿ. ಜಿಡಿ 153 ಮತ್ತು ಜಿಡಿ 71 ಎರಡರ ಹೊರಪದರವೂ ಬಹುಪಾಲು ಶುದ್ಧ ಜಲಜನಕ. ಅಪಾರ ಗುರುತ್ವದಿಂದ ಭಾರದ ಧಾತುಗಳೆಲ್ಲ ಕೆಳಗೆ ಮುಳುಗಿಹೋಗಿವೆ. ಜಲಜನಕಕ್ಕಿಂತ ಸರಳವಾದ ಪರಮಾಣು ಇಲ್ಲ, ಅದರ ಲೆಕ್ಕದಲ್ಲಿ ಊಹಾಪೋಹಕ್ಕೆ ಜಾಗ ಕಡಿಮೆ. ತಾಪಮಾನವನ್ನು ಪಡೆದದ್ದು ನೆಲದಿಂದಲೇ ಕಾಣುವ ಜಲಜನಕದ ಬಾಲ್ಮರ್ ರೇಖೆಗಳ ಆಕಾರದಿಂದ. ರೇಖೆ ಎಷ್ಟು ಅಗಲ, ಎಷ್ಟು ಆಳ ಎಂಬುದನ್ನು ಪಕ್ಕದ ಬೆಳಕಿನೊಡನೆ ಹೋಲಿಸಿ ಅಳೆಯುತ್ತೇವೆ, ಅದಕ್ಕೆ ದೂರದರ್ಶಕದ ಒಟ್ಟು ಕ್ಯಾಲಿಬ್ರೇಶನ್ ಬೇಡ. ಒಟ್ಟು ಪ್ರಕಾಶದ ಮಟ್ಟ ವೇಗಾ ಅಥವಾ ಅಭಿಜಿತ್ ನಕ್ಷತ್ರದ ಮೂಲಕ ಬರುತ್ತದೆ. ಅಭಿಜಿತ್‌ನ ಬೆಳಕನ್ನು 1970ರ ಸುಮಾರಿಗೆ ಬೆಟ್ಟದ ಮೇಲೆ ಕರಗಿದ ಲೋಹದ ಕುಲುಮೆಗಳ ಬೆಳಕಿನೊಡನೆ ಹೋಲಿಸಿ ಅಳೆದಿದ್ದರು. ಅಂದರೆ ಸರಪಳಿಯ ಒಂದು ತುದಿ ಲೋಹ ಕರಗುವ ಬಿಂದುವಿನಲ್ಲಿದೆ, ಇನ್ನೊಂದು ಜಲಜನಕದ ಪರಮಾಣು ಸಿದ್ಧಾಂತದಲ್ಲಿದೆ. ಮೂರು ನಕ್ಷತ್ರಗಳೂ ಒಂದಕ್ಕೊಂದು ಶೇ 1ರ ಆಸುಪಾಸಿನಲ್ಲಿ ತಾಳೆಯಾಗುತ್ತವೆ. ಬಾಲ್ಮರ್ ರೇಖೆಯ ತಾಪಮಾನ ತಪ್ಪಿದ್ದರೆ ಮೂರೂ ಬೇರೆ ಬೇರೆ ಬಗೆಯಲ್ಲಿ ತಪ್ಪಬೇಕಿತ್ತು.

ಮೂವರಲ್ಲಿ ಜಿ191-ಬಿ2ಬಿ ಮಾತ್ರ ತುಂಟ. ಅದನ್ನೂ ಶುದ್ಧ ಜಲಜನಕ ಎಂದೇ ಲೆಕ್ಕ ಹಾಕುತ್ತಿದ್ದರು, ಆದರೆ ತೀವ್ರ ಅತಿನೇರಳೆಯಲ್ಲಿ (ಅತಿ ಚಿಕ್ಕ ತರಂಗಾಂತರದ ಅತಿನೇರಳೆಯಲ್ಲಿ) ನೋಡಿದರೆ ಲೆಕ್ಕಕ್ಕಿಂತ ಬಹಳ ಮಂಕು. ದೀರ್ಘ ತರಂಗಾಂತರದ ಅತಿನೇರಳೆ ರೋಹಿತದಲ್ಲಿ ಕಬ್ಬಿಣ, ನಿಕೆಲ್ ರೇಖೆಗಳು ಸಿಕ್ಕಿದವು. ಅತ್ಯಲ್ಪ ಪ್ರಮಾಣದಲ್ಲಿದ್ದರೂ ಆ ಧಾತುಗಳ ಸಾವಿರಾರು ರೇಖೆಗಳು ಒಟ್ಟಾಗಿ ಬೆಳಕನ್ನು ತಡೆಯುತ್ತಿದ್ದವು. 1996ರಲ್ಲಿ ಲಾಂಜ್, ಬಾರ್‌ಸ್ಟೋ, ಹುಬೆನಿ, ಹೋಲ್‌ಬರ್ಗ್ ಅವರು ಅವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ ಮೇಲೆಯೇ ಎರಡೂ ಕಡೆಯ ರೋಹಿತ ಒಂದೇ ತಾಪಮಾನಕ್ಕೆ ಒಪ್ಪಿದ್ದು. ಈಗ ಹಬಲ್ ಮಾನದಂಡದಲ್ಲಿ ಈ ನಕ್ಷತ್ರಕ್ಕೆ ಲೋಹಗಳಿರುವ, ಎಲ್‌ಟಿಇ ಬಿಟ್ಟ ಮಾದರಿಯನ್ನೇ ಬಳಸುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಶ್ವೇತಕುಬ್ಜದ ಮಾದರಿಯಿಂದ ಅಳತೆಗೋಲು ಮಾಡಿಕೊಂಡು, ಅದರಿಂದ ಬೇರೆಯೇ ಭೌತಶಾಸ್ತ್ರವಿರುವ ಬಿ ವರ್ಗದ ಬಿಸಿ ನಕ್ಷತ್ರವನ್ನು ಅಳೆದರೆ ಅದು ಸುತ್ತುತರ್ಕವಲ್ಲ. ಎರಡೂ ಕಡೆ ಒಂದೇ ಊಹೆ ಅಡಗಿದ್ದರೆ ಮಾತ್ರ ಸುತ್ತುತರ್ಕ.

ಮಾದರಿಯನ್ನು ಆದಷ್ಟು ದೂರವಿಟ್ಟು ತಾಪಮಾನ ಅಳೆಯುವ ದಾರಿಯೂ ಒಂದಿದೆ, ನನಗೆ ಬಹಳ ಇಷ್ಟವಾದದ್ದು. ಭೂಮಿಗೆ ತಲಪುವ ನಕ್ಷತ್ರದ ಒಟ್ಟು ಶಕ್ತಿ ಮತ್ತು ಅದರ ಕೋನೀಯ ವ್ಯಾಸ (ಆಕಾಶದಲ್ಲಿ ಅದು ಕಾಣುವ ಅಗಲ), ಇವೆರಡು ಗೊತ್ತಿದ್ದರೆ ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದಿಂದ ತಾಪಮಾನ ನೇರವಾಗಿ ಬರುತ್ತದೆ, ದೂರವೂ ಬೇಕಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ನರಾಬ್ರೈಯಲ್ಲಿ ಹ್ಯಾನ್‌ಬರಿ ಬ್ರೌನ್ ತಂಡ 188 ಮೀಟರ್ ವ್ಯಾಸದ ವೃತ್ತಾಕಾರದ ಹಳಿಯ ಮೇಲೆ ಎರಡು ದೊಡ್ಡ ಪ್ರತಿಫಲಕಗಳನ್ನು ಓಡಿಸಿ, 32 ನಕ್ಷತ್ರಗಳ ಕೋನೀಯ ವ್ಯಾಸ ಅಳೆಯಿತು. 1968ರ ಡಿಸೆಂಬರ್‌ನಲ್ಲಿ ಹಾರಿದ ಓಎಓ-2 ಉಪಗ್ರಹ ಅತಿನೇರಳೆಯ ಪಾಲು ಕೊಟ್ಟಿತು. 1976ರಲ್ಲಿ ಕೋಡ್, ಡೇವಿಸ್, ಬ್ಲೆಸ್, ಹ್ಯಾನ್‌ಬರಿ ಬ್ರೌನ್ ಸೇರಿ ಎರಡನ್ನೂ ಜೋಡಿಸಿ ಆ 32 ನಕ್ಷತ್ರಗಳ ತಾಪಮಾನ ಪ್ರಕಟಿಸಿದರು.

ಅವುಗಳಲ್ಲಿ ಒಂದು ಅಧಾರಾ. ಫೆಬ್ರವರಿ ಸಂಜೆ ಬೆಂಗಳೂರಿನಿಂದ ದಕ್ಷಿಣಕ್ಕೆ ನೋಡಿದರೆ ಲುಬ್ಧಕದ ಕೆಳಗೆ ಕಾಣುವ, ಮಹಾಶ್ವಾನ ಪುಂಜದ ಎರಡನೇ ಪ್ರಕಾಶಮಾನ ನಕ್ಷತ್ರ. ಕೋನೀಯ ವ್ಯಾಸ 0.80 ಮಿಲಿ ಆರ್ಕ್‌ಸೆಕೆಂಡ್, ದೋಷ 0.05. ಬಂದ ತಾಪಮಾನ 21,000 ಕೆಲ್ವಿನ್‌ನ ಆಸುಪಾಸು. ತಾಪಮಾನ ವ್ಯಾಸದ ವರ್ಗಮೂಲಕ್ಕೆ ವಿಲೋಮವಾದ್ದರಿಂದ ವ್ಯಾಸದ ಶೇ 6ರ ದೋಷ ತಾಪಮಾನದಲ್ಲಿ ಶೇ 3 ಮಾತ್ರ, ಎಂದರೆ 600-700 ಕೆಲ್ವಿನ್. ಅತಿನೇರಳೆ ಇಲ್ಲದೆ ಈ ಲೆಕ್ಕ ಮುಂದುವರಿಯುವುದೇ ಇಲ್ಲ, ಏಕೆಂದರೆ ಈ ನಕ್ಷತ್ರದ ಬಹುಪಾಲು ಶಕ್ತಿ ಅಲ್ಲೇ ಇದೆ. ಒಂದು ಕೊರತೆಯನ್ನು ಮುಚ್ಚಿಡಬಾರದು: 1100 ಆಂಗ್‌ಸ್ಟ್ರಾಮ್‌ಗಿಂತ ಕೆಳಗೆ ಓಎಓ-2ಗೆ ಕಾಣುತ್ತಿರಲಿಲ್ಲ, ಆ ಪಾಲನ್ನು ಮಾದರಿಯಿಂದಲೇ ತುಂಬಿಸಿಕೊಂಡರು. ಕಪ್ಪುಕಾಯದ ಲೆಕ್ಕದಲ್ಲಿ 21,000ಕ್ಕೆ ಅದು ಸುಮಾರು ಎಂಟರಲ್ಲೊಂದು ಪಾಲು, 40,000ಕ್ಕೆ ಅರ್ಧಕ್ಕೂ ಹೆಚ್ಚು. ಆದ್ದರಿಂದ ಬಿ ವರ್ಗದ ನಕ್ಷತ್ರಗಳಿಗೆ ಈ ವಿಧಾನ ಗಟ್ಟಿ. ಪಟ್ಟಿಯಲ್ಲಿದ್ದ ಅತಿ ಬಿಸಿಯ ಝೀಟಾ ಪಪ್ಪಿಸ್‌ಗೆ ಅಷ್ಟು ಗಟ್ಟಿಯಲ್ಲ.

ಅಧಾರಾದ ಕತೆ ಅಲ್ಲಿಗೆ ಮುಗಿಯಲಿಲ್ಲ. 1992ರ ಜೂನ್‌ನಲ್ಲಿ ಹಾರಿದ ಇಯುವಿಇ ಉಪಗ್ರಹ 70ರಿಂದ 760 ಆಂಗ್‌ಸ್ಟ್ರಾಮ್‌ವರೆಗೆ ನೋಡಬಲ್ಲದಾಗಿತ್ತು. 912ಕ್ಕಿಂತ ಕೆಳಗಿನ ಬೆಳಕನ್ನು ತಾರೆಗಳ ನಡುವಿನ ಜಲಜನಕ ನುಂಗಿಹಾಕುತ್ತದೆ, ಆದ್ದರಿಂದ ಅಲ್ಲಿ ಕಾಣುವುದು ಬಹುತೇಕ ಹತ್ತಿರದ ಶ್ವೇತಕುಬ್ಜಗಳು ಎಂದೇ ಎಲ್ಲರ ನಿರೀಕ್ಷೆ. ಆದರೆ ಸೌರವ್ಯೂಹದ ಹೊರಗೆ ಆ ಬೆಳಕಿನಲ್ಲಿ ಇಡೀ ಆಕಾಶಕ್ಕೇ ಅತಿ ಪ್ರಕಾಶಮಾನವಾಗಿ ಕಂಡದ್ದು 400 ಬೆಳಕಿನ ವರ್ಷಗಳಾಚೆಯ ಅಧಾರಾ! ನಮ್ಮಿಂದ ಆ ದಿಕ್ಕಿಗೆ ದಾರಿಯುದ್ದಕ್ಕೂ ಅನಿಲವೇ ಇಲ್ಲವೆನ್ನುವಷ್ಟು ಖಾಲಿ. ಇನ್ನೂ ದೊಡ್ಡ ಪೇಚು ಬೇರೆ ಇತ್ತು. 1995ರಲ್ಲಿ ಕ್ಯಾಸಿನೆಲಿ ಮತ್ತು ಸಂಗಡಿಗರು ತೋರಿಸಿದಂತೆ, ಜಲಜನಕವನ್ನು ಅಯಾನೀಕರಿಸಬಲ್ಲ ಆ ಬೆಳಕು ಮಾದರಿಗಳು ಹೇಳಿದ್ದಕ್ಕಿಂತ ಸುಮಾರು ಮೂವತ್ತು ಪಟ್ಟು ಹೆಚ್ಚಿತ್ತು. ಎಲ್‌ಟಿಇ ಮಾದರಿಗಳಷ್ಟೇ ಅಲ್ಲ, ಎಲ್‌ಟಿಇ ಬಿಟ್ಟವೂ ಸೋತವು.

ತಾಪಮಾನವನ್ನು ಸ್ವಲ್ಪ ಏರಿಸಿ ಜಾರಿಕೊಳ್ಳಬಹುದೇ? ಲೆಕ್ಕ ಮಾಡಿ ನೋಡೋಣ. 600 ಆಂಗ್‌ಸ್ಟ್ರಾಮ್‌ನಲ್ಲಿ, 21,000 ಕೆಲ್ವಿನ್‌ಗೆ, ಕಪ್ಪುಕಾಯದ ಬೆಳಕನ್ನು ಲೆಕ್ಕ ಹಾಕುವ ಪ್ಲಾಂಕ್ ಸೂತ್ರದ ಘಾತ 11.4 ಬರುತ್ತದೆ. ತಾಪಮಾನ ಶೇ 3 ಏರಿದರೆ ಬೆಳಕು ಶೇ 40ರಷ್ಟು ಏರುತ್ತದೆ. ಮೂವತ್ತು ಪಟ್ಟು ಎಲ್ಲಿ, ಶೇ 40 ಎಲ್ಲಿ? ನಿಜವಾದ ವಾತಾವರಣದಲ್ಲಿ ಈ ಏರಿಕೆ ಕಪ್ಪುಕಾಯಕ್ಕಿಂತ ಕಡಿದಾಗಿರುತ್ತದೆ, ಒಪ್ಪಿದೆ. ಆದರೂ ನರಾಬ್ರೈಯ ವ್ಯಾಸ ಅಷ್ಟೊಂದು ಬಿಸಿಯನ್ನು ಒಪ್ಪುವುದಿಲ್ಲ. ಕೋನೀಯ ವ್ಯಾಸ ಎಂಬ ಸ್ವತಂತ್ರ ಅಳತೆ ಇಲ್ಲದೇ ಇದ್ದಿದ್ದರೆ ಯಾರಾದರೂ ತಾಪಮಾನ ಏರಿಸಿ, ಕೈ-ಸ್ಕ್ವೇರ್ ಇಳಿಸಿ, ಎಲ್ಲ ಸರಿಹೋಯಿತು ಎಂದು ಪ್ರಬಂಧ ಬರೆದಿರುತ್ತಿದ್ದರು.

ಕಾರಣ ಹುಡುಕುವಾಗ ಕಣ್ಣು ಹೋದದ್ದು ವಾತಾವರಣದ ತೀರಾ ಹೊರ ಅಂಚಿನ ಕಡೆಗೆ. 912ಕ್ಕಿಂತ ಕೆಳಗಿನ ಬೆಳಕಿಗೆ ವಾತಾವರಣ ಬಹಳ ಅಪಾರದರ್ಶಕ, ಆದ್ದರಿಂದ ಅದು ಹೊರಡುವುದೇ ಮೇಲಿನ ತೆಳು ಪದರಗಳಿಂದ. ಅಲ್ಲಿ ತಾಪಮಾನ ಒಂದೆರಡು ಸಾವಿರ ಹೆಚ್ಚಿದ್ದರೂ ಉಳಿದ ರೋಹಿತಕ್ಕೆ ಅದರ ಸುಳಿವೇ ಸಿಗುವುದಿಲ್ಲ. ನಕ್ಷತ್ರಮಾರುತದಲ್ಲಿ (ನಕ್ಷತ್ರದಿಂದ ಹೊರಹರಿಯುವ ಅನಿಲದಲ್ಲಿ) ಹುಟ್ಟುವ ಎಕ್ಸ್-ಕಿರಣಗಳು ಮೇಲ್ಪದರವನ್ನು ಕಾಯಿಸುತ್ತಿರಬಹುದು ಎಂದು ಕೆಲವರು, ಮಾರುತದ ಚಲನೆಯಿಂದಲೇ ಜಲಜನಕದ ಹಂಚಿಕೆ ಬದಲಾಗುತ್ತದೆ ಎಂದು ಇನ್ನು ಕೆಲವರು, ಚಪ್ಪಟೆ ಬಿಟ್ಟು ಗೋಳಾಕಾರದ ವಾತಾವರಣ ಲೆಕ್ಕ ಹಾಕಬೇಕು ಎಂದು ಮತ್ತೆ ಕೆಲವರು. ಎಲ್ಲವೂ ಕುರುಚ್ ಮಾದರಿಯ ಆ ಮೂರು ಊಹೆಗಳ ಮೇಲೆಯೇ ಕೈಯಿಟ್ಟವು ಎಂಬುದನ್ನು ಗಮನಿಸಿ. ಸುತ್ತಲಿನ ಅನಿಲ ಎಷ್ಟು ಅಯಾನೀಕೃತವಾಗಿರುತ್ತದೆ ಎಂದು ಲೆಕ್ಕ ಹಾಕುವವರಿಗೆ ಈ ಮೂವತ್ತು ಪಟ್ಟು ಸಣ್ಣ ವಿಷಯವಲ್ಲ. ನಿಮ್ಮ ಯುವಿಟ್ ಫಿಲ್ಟರ್‌ಗಳಿರುವ 1300ರಿಂದ 1800ರ ಪಟ್ಟಿಯಲ್ಲಾದರೆ ಇದರ ಸುಳಿವೇ ಇಲ್ಲ. ಒಂದು ಕಡೆ ಗೆದ್ದ ಮಾದರಿ ನಾಲ್ಕುನೂರು ಆಂಗ್‌ಸ್ಟ್ರಾಮ್ ಆಚೆಯೇ ಸೋಲಬಹುದು.

ಇದುವರೆಗೆ ಹೇಳಿದ್ದು ಒಟ್ಟು ಬೆಳಕಿನ ಪರೀಕ್ಷೆ. ರೇಖೆಗಳ ಪರೀಕ್ಷೆ ಇನ್ನೂ ಕಠಿಣ. 1978ರ ಜನವರಿಯಿಂದ 1996ರ ಸೆಪ್ಟೆಂಬರ್‌ವರೆಗೆ ದುಡಿದ ಐಯುಇ ಉಪಗ್ರಹದ ಕನ್ನಡಿ ಬರೀ 45 ಸೆಂಟಿಮೀಟರ್, ಆದರೂ ಒಂದು ಲಕ್ಷಕ್ಕೂ ಹೆಚ್ಚು ರೋಹಿತಗಳನ್ನು ಕೊಟ್ಟಿತು. ಅದರ ರೋಹಿತದಲ್ಲಿ ಬಿ ವರ್ಗಕ್ಕಿಂತಲೂ ಬಿಸಿಯಾದ ಓ ವರ್ಗದ ನಕ್ಷತ್ರಗಳನ್ನು ನೋಡಿದರೆ 1360ರಿಂದ 1420ರ ನಡುವೆ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ರೇಖೆಗಳ ಕಾಡು, 1600ರ ಆಸುಪಾಸಿನಲ್ಲಿ ಮೂರು ಕಳೆದುಕೊಂಡ ಕಬ್ಬಿಣದ ಕಾಡು. ಎರಡೂ ಒಂದೇ ಧಾತು, ಆದ್ದರಿಂದ ಕಬ್ಬಿಣ ಎಷ್ಟಿದೆ ಎಂಬ ಗೊಂದಲವಿಲ್ಲ. ಯಾವ ಕಾಡು ದಟ್ಟ ಎಂಬುದೇ ತಾಪಮಾನ ಹೇಳುತ್ತದೆ, ಧೂಳೂ ಅಡ್ಡಬರುವುದಿಲ್ಲ. ಈ ಲಕ್ಷಾಂತರ ರೇಖೆಗಳು ನಕ್ಷತ್ರಕ್ಕೆ ಕಂಬಳಿ ಹೊದಿಸಿದಂತೆ: ಹೊರಹೋಗುವ ಅತಿನೇರಳೆಯನ್ನು ತಡೆದು ಒಳಪದರಗಳನ್ನು ಇನ್ನಷ್ಟು ಕಾಯಿಸುತ್ತವೆ. ಅದನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಹಳೆಯ ಮಾದರಿಗಳು, ಕಂಡ ಹೀಲಿಯಮ್ ರೇಖೆಗಳನ್ನು ಪಡೆಯಲು ತಾಪಮಾನವನ್ನೇ ಏರಿಸಬೇಕಾಗುತ್ತಿತ್ತು. ಹಿಲಿಯರ್ ಮತ್ತು ಮಿಲ್ಲರ್ ಅವರ ಸಿಎಂಎಫ್‌ಜೆನ್, ಹುಬೆನಿ ಮತ್ತು ಲಾಂಜ್ ಅವರ ಟ್ಲಸ್ಟಿಯಂಥ ಪ್ರೋಗ್ರಾಮ್‌ಗಳು ಕಬ್ಬಿಣವನ್ನೂ ಎಲ್‌ಟಿಇ ಇಲ್ಲದೆ ನಿಭಾಯಿಸತೊಡಗಿದ ಮೇಲೆ ಓ ನಕ್ಷತ್ರಗಳ ತಾಪಮಾನ ಪಟ್ಟಿಯೇ ಕೆಳಗಿಳಿಯಿತು. 2005ರಲ್ಲಿ ಮಾರ್ಟಿನ್ಸ್, ಶೇರರ್, ಹಿಲಿಯರ್ ಕೊಟ್ಟ ಹೊಸ ಪಟ್ಟಿಯಲ್ಲಿ ಇಳಿಕೆ 2,000ದಿಂದ 8,000 ಕೆಲ್ವಿನ್. ಅಷ್ಟು ವರ್ಷ ಪಠ್ಯಪುಸ್ತಕಗಳಲ್ಲಿ ಅಚ್ಚಾದ ಸಂಖ್ಯೆಗಳವು!

ಮಾರುತಗಳದ್ದು ಬೇರೆಯೇ ಅಧ್ಯಾಯ, ಎರಡೇ ಮಾತು. ಝೀಟಾ ಪಪ್ಪಿಸ್‌ನ ಮಾರುತದ ವೇಗ ಸೆಕೆಂಡಿಗೆ ಸುಮಾರು 2,250 ಕಿಲೋಮೀಟರ್. ಅದರಿಂದಾಗಿ 1548 ಆಂಗ್‌ಸ್ಟ್ರಾಮ್‌ನ ಇಂಗಾಲದ ರೇಖೆಯ ಹೀರಿಕೆ 1537ರ ಹತ್ತಿರದವರೆಗೂ ಚಾಚಿಕೊಂಡಿದೆ. ಅದೇ ನಕ್ಷತ್ರದಲ್ಲಿ ಕೋಪರ್ನಿಕಸ್ ಉಪಗ್ರಹ ಐದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಕಂಡಿತ್ತು. 40,000 ಕೆಲ್ವಿನ್‌ನ ಬೆಳಕಿಗೆ ಅದನ್ನು ಮಾಡುವ ಶಕ್ತಿ ಇಲ್ಲ. ಎಲ್ಲೋ ಎಕ್ಸ್-ಕಿರಣ ಇರಲೇಬೇಕು ಎಂದು ಕ್ಯಾಸಿನೆಲಿ ಮತ್ತು ಓಲ್ಸನ್ 1979ರಲ್ಲಿ ವಾದಿಸಿದರು. ಐನ್‌ಸ್ಟೈನ್ ಉಪಗ್ರಹಕ್ಕೆ ಓ ನಕ್ಷತ್ರಗಳಿಂದ ಎಕ್ಸ್-ಕಿರಣ ಸಿಕ್ಕಿಯೂ ಸಿಕ್ಕಿತು.

ಈಗ ನಿಮ್ಮ ನಕ್ಷತ್ರಕ್ಕೆ ಬರೋಣ. ಮೊದಲ ಶತ್ರು ಧೂಳು. ಬಿ-ವಿ ಬಣ್ಣವನ್ನು 0.1 ಕೆಂಪಾಗಿಸುವ ಧೂಳು ಹಸಿರು-ಹಳದಿಯ ವಿ ಫಿಲ್ಟರ್‌ನಲ್ಲಿ ಕಾಲುಭಾಗ ಬೆಳಕು ಕದ್ದರೆ, 1500 ಆಂಗ್‌ಸ್ಟ್ರಾಮ್‌ನಲ್ಲಿ ಅರ್ಧವನ್ನೇ ಕದಿಯುತ್ತದೆ. ಧೂಳಿನ ಅಂದಾಜಿನಲ್ಲಿ 0.03 ತಪ್ಪಿದರೆ ಸಾಕು, ಅತಿನೇರಳೆ-ವಿ ಅನುಪಾತ ಶೇ 15ರಷ್ಟು ವಾಲುತ್ತದೆ. 22,000 ಕೆಲ್ವಿನ್‌ನಲ್ಲಿ ಅದು ಸುಮಾರು 1,100 ಕೆಲ್ವಿನ್‌ಗೆ ಸಮ. ಧೂಳನ್ನು ಹಿಡಿಯುವ ಗುರುತು 2175 ಆಂಗ್‌ಸ್ಟ್ರಾಮ್‌ನ ಹೀರಿಕೆಯ ಉಬ್ಬು, ಯುವಿಟ್‌ನ ಎನ್219ಎಂ ಫಿಲ್ಟರ್ ಸರಿಯಾಗಿ ಅದರ ಮೇಲೆಯೇ ಕೂರುತ್ತದೆ. ದುರದೃಷ್ಟಕ್ಕೆ ಆ ಫಿಲ್ಟರ್ ಇದ್ದ ಸಮೀಪ-ಅತಿನೇರಳೆ ಚಾನೆಲ್ 2018ರ ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸಿತು. ನಿಮ್ಮ ವೀಕ್ಷಣೆ ಅದಕ್ಕಿಂತ ಹಿಂದಿನದಾದರೆ ಆ ದತ್ತಾಂಶ ಇದೆಯೇ ನೋಡಿ. ಇಲ್ಲದಿದ್ದರೆ ಧೂಳನ್ನು ಫಿಟ್‌ಗೆ ಬಿಡಬೇಡಿ, ಗುಚ್ಛದ ಉಳಿದ ನಕ್ಷತ್ರಗಳಿಂದ ಬಂದ ಬೆಲೆಯನ್ನೇ ಗಟ್ಟಿಯಾಗಿ ಹಿಡಿಯಿರಿ.

ಎರಡನೆಯದು ತ್ರಿಜ್ಯ. ನರಾಬ್ರೈಯವರ ಲೆಕ್ಕವನ್ನೇ ನೀವು ತಿರುಗಿಸಿ ಮಾಡಬಹುದು. ನಿಮ್ಮ ಫಿಟ್ ಕೋನೀಯ ವ್ಯಾಸ ಕೊಟ್ಟೇ ಕೊಡುತ್ತದೆ. ಗುಚ್ಛದ ದೂರ ಗಾಯಾ ಉಪಗ್ರಹದಿಂದ ಸಿಗುತ್ತದೆ. ಗುಣಿಸಿ ಅರ್ಧ ಮಾಡಿದರೆ ತ್ರಿಜ್ಯ. ಸೂರ್ಯನ ನಾಲ್ಕೈದು ಪಟ್ಟು ಬಂದರೆ ಅದು 22,000ದ ಸಾಮಾನ್ಯ ಬಿ ನಕ್ಷತ್ರ, ನಿಶ್ಚಿಂತೆ. ಸೂರ್ಯನ ಐದನೇ ಒಂದರಷ್ಟು ಬಂದರೆ ಅದು ಉಪಕುಬ್ಜ ಎಂಬ ಪುಟ್ಟ, ದಟ್ಟ ನಕ್ಷತ್ರ, ಅದರ ಗುರುತ್ವದ ಲಾಗ್ ಬೆಲೆ 5.5ರ ಸುಮಾರು, ಕುರುಚ್ ಮಾದರಿಗಳ ಪಟ್ಟಿ 5ಕ್ಕೇ ಮುಗಿಯುತ್ತದೆ. ಕೈ-ಸ್ಕ್ವೇರ್ ಎಷ್ಟೇ ಚೆನ್ನಾಗಿರಲಿ, ನೀವು ಬಳಸಿದ ಮಾದರಿ ಆ ನಕ್ಷತ್ರದ್ದಲ್ಲ. ಫಿಟ್ ಕೂರದೇ ಇದ್ದರೆ ಬೇಸರಪಡಬೇಡಿ. ಎನ್‌ಜಿಸಿ 188 ಗುಚ್ಛದ ನಕ್ಷತ್ರವೊಂದಕ್ಕೆ ಒಂದೇ ಮಾದರಿ ಕೂರಲಿಲ್ಲವೆಂದೇ 2016ರಲ್ಲಿ ಅನ್ನಪೂರ್ಣಿ ಸುಬ್ರಮಣಿಯಂ ಅವರ ತಂಡಕ್ಕೆ ಯುವಿಟ್ ದತ್ತಾಂಶದಲ್ಲಿ 17,000 ಕೆಲ್ವಿನ್ ಸುಮಾರಿನ ಅಡಗಿದ ಜೊತೆಗಾರ ಸಿಕ್ಕಿದ್ದು.

ಕೊನೆಗೆ, ಅದೇ ಅಳತೆಗಳನ್ನು ಹುಬೆನಿ-ಲಾಂಜ್ ಅವರ ಬಿಸ್ಟಾರ್2006 ಮಾದರಿಗಳೊಡನೆಯೂ ಹೊಂದಿಸಿ. 15,000ದಿಂದ 30,000 ಕೆಲ್ವಿನ್‌ವರೆಗಿನ 1540 ಮಾದರಿಗಳಿವೆ, ಎಲ್ಲವೂ ಎಲ್‌ಟಿಇ ಊಹೆ ಬಿಟ್ಟವು, ಉಚಿತವಾಗಿಯೇ ಸಿಗುತ್ತವೆ. ಎರಡೂ ಕಡೆ ಬಂದ ತಾಪಮಾನಗಳ ನಡುವಿನ ಅಂತರವನ್ನೂ ಧೂಳಿನ 1,100 ಕೆಲ್ವಿನ್ ಅನ್ನೂ ನಿಮ್ಮ ವರದಿಯಲ್ಲಿ ದೋಷದ ಮಿತಿಯಾಗಿ ಬರೆಯಿರಿ, ಕೈ-ಸ್ಕ್ವೇರ್ ಕೊಟ್ಟ ಪುಟ್ಟ ಮಿತಿಯನ್ನಲ್ಲ.